ನೀರು ಬೇಕೆ ಎಂದು ಕೇಳಿದರೆ ಬೇಡ ಎನ್ನುವವರು ಯಾರು?

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬೆಂಗಳೂರಿನ ಸಂಸ್ಕರಿತ ನೀರಿನ ಮಾತು ಎತ್ತಿದರೆ ಜಗಳವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಜಗಳ ಬಿಡಿಸಲು ಬಂದವರು ಹೇಳುವ ಪರಿಹಾರವೂ ಗೊತ್ತಿರುವುದೇ: ಊರವರನ್ನೇ ಕೇಳಿಬಿಡಿ, ಬಹುಮತ ಬಂದಂತೆ ಆಗಲಿ. ಕೇಳಲು ಯಾರ ಅಡ್ಡಿಯೂ ಇಲ್ಲ. ಏನೆಂದು ಕೇಳುವುದು ಎಂಬಲ್ಲಿಗೆ ಬಂದಾಗ ಮಾತ್ರ ಜಗಳ ಮತ್ತೆ ಶುರುವಾಗುತ್ತದೆ.

‘ನಿಮ್ಮೂರ ಕೆರೆಗೆ ನೀರು ಬೇಕೆ?’ ಎಂದು ಕೇಳಬಹುದು. ‘ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ಬೆಂಗಳೂರಿನ ಚರಂಡಿ ನೀರನ್ನು ನಿಮ್ಮೂರ ಕೆರೆಗೆ ಬಿಡಬಹುದೆ?’ ಎಂದೂ ಕೇಳಬಹುದು. ಎರಡೂ ಒಂದೇ ಪೈಪಿನಲ್ಲಿ ಬರುವ ನೀರಿನ ಕುರಿತ ಪ್ರಶ್ನೆಗಳೇ. ಸಾವಿರ ಅಡಿ ಕೊರೆಸಿಯೂ ಬರೀ ದೂಳು ಕಂಡ ರೈತ ಮೊದಲನೆಯದಕ್ಕೆ ಹೂಂ ಎನ್ನುತ್ತಾನೆ. ಅದೇ ರೈತ ಎರಡನೆಯದಕ್ಕೆ ಹುಬ್ಬು ಗಂಟಿಕ್ಕುತ್ತಾನೆ. ಹೀಗಾಗಿ ಎರಡೂ ಕಡೆಯವರು ‘ಜನ ನಮ್ಮ ಜೊತೆಗಿದ್ದಾರೆ’ ಎನ್ನುತ್ತಾರೆ. ವಿಚಿತ್ರವೆಂದರೆ ಇಬ್ಬರ ಮಾತೂ ಸುಳ್ಳಲ್ಲ.

ಹಿಂದಿನ ಕಥೆ ಚುಟುಕಾಗಿ ಹೀಗಿದೆ. ವರ್ಷವಿಡೀ ಹರಿಯುವ ನದಿ ಈ ಸೀಮೆಗಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳ ಹೆಸರು ದೊಡ್ಡದು, ಪಾತ್ರ ಒಣಗಿದ್ದು. ಮಳೆಯ ನೀರನ್ನು ಸಾವಿರಾರು ಕೆರೆಗಳಲ್ಲಿ ಹಿಡಿದಿಟ್ಟು ಬದುಕಿದ ಜನ ಕೊಳವೆಬಾವಿ ಬಂದ ಮೇಲೆ ಕೆರೆಯನ್ನು ಮರೆತರು, ಆಮೇಲೆ ಕೊಳವೆಬಾವಿಯೂ ಕೈಕೊಟ್ಟಿತು. ಆಳಕ್ಕಿಳಿದಷ್ಟೂ ಫ್ಲೋರೈಡ್ ಸಿಕ್ಕಿತು. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯ ಪಶ್ಚಿಮಕ್ಕೆ ಹರಿಯುವ ನೀರನ್ನು ಬಯಲುಸೀಮೆಗೆ ತಿರುಗಿಸುವ ವರದಿ ಕೊಟ್ಟರು. ‘ಶಾಶ್ವತ ನೀರಾವರಿ’ ಎಂಬ ಎರಡು ಪದಗಳು ಅಲ್ಲಿಂದ ಇಲ್ಲಿನ ಗೋಡೆಬರಹಗಳಿಗೂ ಚುನಾವಣಾ ಭಾಷಣಗಳಿಗೂ ಇಳಿದವು.

ಮುಂದೆ ಬಂದದ್ದು, ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರನ್ನು ಇತ್ತ ತಿರುಗಿಸುವ ಎತ್ತಿನಹೊಳೆ ಯೋಜನೆ. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಶಂಕುಸ್ಥಾಪನೆಯಾಯಿತು. ಕಾಗದದಲ್ಲಿ 24.01 ಟಿಎಂಸಿ ನೀರು. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದ ಸುಮಾರು 10 ಟಿಎಂಸಿ 527 ಕೆರೆಗಳಿಗೆ. ಆದರೂ ಇಡೀ ಯೋಜನೆಯ ಹೆಸರು ‘ಕುಡಿಯುವ ನೀರಿನ ಯೋಜನೆ’. ಆ ಹೆಸರಿನ ಬಲದಿಂದಲೇ ಅದಕ್ಕೆ ಪರಿಸರ ಅನುಮತಿಯ ಅಗತ್ಯವಿಲ್ಲ ಎಂಬ ವಾದ ನಿಂತಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದನ್ನು ಒಪ್ಪಿತು. ಅನುಮತಿ ಬೇಕಿಲ್ಲವೆಂದ ಮೇಲೆ ಅದರ ಜೊತೆಗೆ ಬರುವ ಸಾರ್ವಜನಿಕ ಅಹವಾಲು ಸಭೆಯ ಮಾತೂ ಇರುವುದಿಲ್ಲ. ಪ್ರಶ್ನೆಯನ್ನು ಹೇಗೆ ಬರೆಯಬೇಕು ಎಂಬ ತಕರಾರು ಬಗೆಹರಿಯಲು ಇದೂ ಒಂದು ದಾರಿ: ಪ್ರಶ್ನೆಯನ್ನೇ ಕೇಳದಿರುವುದು. 8,323 ಕೋಟಿ ರೂಪಾಯಿಯಿಂದ ಆರಂಭವಾದ ಅಂದಾಜು 23,251 ಕೋಟಿಗೆ ಏರಿತು. ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ.

ಆ ಹತ್ತು ವರ್ಷಗಳ ಕಾಯುವಿಕೆಯ ನಡುವೆಯೇ ಕೆ.ಸಿ. ವ್ಯಾಲಿ ಬಂತು, ಜಗಳದ ತಿರುಳು ಇರುವುದೂ ಅಲ್ಲೇ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಕೋಲಾರದ ಕಡೆಗೆ ಪಂಪ್ ಮಾಡಿ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವುದು ಯೋಜನೆ. ನೀರನ್ನು ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ, ಕೆರೆಗೆ ಮೋಟಾರು ಇಡುವಂತಿಲ್ಲ. ಅದು ನೆಲಕ್ಕಿಳಿದು ಅಂತರ್ಜಲವಾಗಿ ಕೊಳವೆಬಾವಿಯಲ್ಲಿ ಮೇಲೆ ಬರಬೇಕು. ಚಿಕ್ಕಬಳ್ಳಾಪುರಕ್ಕೆ ಇದೇ ಮಾದರಿಯಲ್ಲಿ ಹೆಬ್ಬಾಳ-ನಾಗವಾರ ಕಣಿವೆಯ 210 ದಶಲಕ್ಷ ಲೀಟರ್.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಹೂವು ಹಾಕಿ ಸ್ವಾಗತಿಸಿದರು. ತಿಂಗಳು ಕಳೆದಿತ್ತೋ ಇಲ್ಲವೋ, ನೊರೆ ಕಾಣಿಸಿಕೊಂಡಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ಟಿವಿಯಲ್ಲಿ ನೋಡಿದ್ದವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಹೈಕೋರ್ಟ್ ಮೆಟ್ಟಿಲೇರಿದರು. ಜುಲೈನಲ್ಲಿ ತಡೆಯಾಜ್ಞೆ ಬಂತು, ಸೆಪ್ಟೆಂಬರ್‌ನಲ್ಲಿ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಿತು. ಮುಂದೆ ಅದೂ ತೆರವಾಗಿ ನೀರು ಹರಿಯಿತು.

ಜಿಲ್ಲೆಯ ವಾದದ ಪದಕೋಶ ರೂಪುಗೊಂಡದ್ದು ಈ ತಿಂಗಳುಗಳಲ್ಲಿ. ಒಂದು ಗುಂಪಿನವರ ಬಾಯಲ್ಲಿ ಅದು ‘ಸಂಸ್ಕರಿತ ನೀರು’, ಇನ್ನೊಂದು ಗುಂಪಿಗೆ ‘ಕೊಳಚೆ ನೀರು’. ಒಬ್ಬರು ‘ಕೆರೆ ತುಂಬಿಸುವುದು’ ಎಂದರೆ ಮತ್ತೊಬ್ಬರು ‘ಕೆರೆಗೆ ವಿಷ ಸೇರಿಸುವುದು’ ಎಂದರು. ಈ ಪದಗಳಲ್ಲಿ ಯಾವುದನ್ನು ಬಳಸಿ ಪ್ರಶ್ನೆ ಬರೆದರೂ ಉತ್ತರ ಅಲ್ಲೇ ಬರೆದಿಟ್ಟಂತೆ.

ಪದಗಳನ್ನು ಬದಿಗಿಟ್ಟು ವಿಷಯ ನೋಡೋಣ. ಎರಡನೇ ಹಂತದ ಸಂಸ್ಕರಣೆಯಲ್ಲಿ ಸೂಕ್ಷ್ಮಜೀವಿಗಳ ನೆರವಿನಿಂದ ಸಾವಯವ ಕೊಳೆ ಬಹುಪಾಲು ಹೋಗುತ್ತದೆ. ಸಾರಜನಕ, ರಂಜಕ, ರೋಗಾಣುಗಳನ್ನು ಇನ್ನಷ್ಟು ತೆಗೆಯಲು ಮೂರನೇ ಹಂತ ಬೇಕು, ಅದಕ್ಕೆ ಹಣವೂ ಬೇಕು. ರಂಜಕ ಉಳಿದರೆ ಕೆರೆಯಲ್ಲಿ ಪಾಚಿ, ಅಂತರಗಂಗೆ ಹಬ್ಬುತ್ತವೆ. ಮಣ್ಣೇ ಸೋಸುತ್ತದೆ ಎಂಬುದು ಯೋಜನೆಯ ಪರವಾದ ವಾದ. ದಪ್ಪ ಮಣ್ಣಿನ ಪದರ ಇರುವಲ್ಲಿ ಅದರಲ್ಲಿ ಹುರುಳಿದೆ. ಆದರೆ ಇಲ್ಲಿಯದು ಗಟ್ಟಿ ಬಂಡೆಯ ನೆಲ. ಬಿರುಕು ಸಿಕ್ಕ ಕಡೆ ನೀರು ಸೋಸಿಕೊಳ್ಳುತ್ತ ಕೂರದೆ ಕೆಳಗಿಳಿಯುತ್ತದೆ. ಹಾಗೆಂದು ಇನ್ನೊಂದು ಬದಿಯನ್ನು ಮರೆಮಾಚುವುದೂ ಸರಿಯಲ್ಲ: ಬತ್ತಿದ್ದ ಕೊಳವೆಬಾವಿಗಳಿಗೆ ನೀರು ಬಂದಿದೆ, ಟೊಮೆಟೊ, ರೇಷ್ಮೆ, ಹಸುಗಳನ್ನು ನಂಬಿದ ಮನೆಗಳು ಉಸಿರಾಡಿವೆ. ಅಂಥ ಮನೆಯವರ ಮುಂದೆ ನಿಂತು ರಂಜಕದ ಪಾಠ ಹೇಳುವುದು ಸುಲಭವಲ್ಲ. ಹಾಗಿದ್ದರೂ ಹೇಳಲೇಬೇಕು ಎಂದು ನನಗನ್ನಿಸುತ್ತದೆ.

ಇನ್ನು ‘ಜನರನ್ನೇ ಕೇಳಿ’ ಎಂಬ ಮಾತಿಗೆ ಬರೋಣ. ಊರಿನ ಕೆರೆಯ ಬಗ್ಗೆ ಜನಮತಗಣನೆ ನಡೆಸುವ ಏರ್ಪಾಡು ನಮ್ಮ ಕಾನೂನಿನಲ್ಲಿಲ್ಲ. ದೇಶದಲ್ಲಿ ಅಂಥದ್ದು ನಡೆದದ್ದು ಬೆರಳೆಣಿಕೆಯ ಸಲ. 1967ರ ಜನವರಿ 16ರಂದು ಗೋವಾದವರನ್ನು ಮಹಾರಾಷ್ಟ್ರದಲ್ಲಿ ವಿಲೀನವೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದೋ ಎಂದು ಕೇಳಲಾಯಿತು. ವಿಲೀನಕ್ಕೆ ಹೂವಿನ ಗುರುತು, ಉಳಿಯಲು ಎರಡೆಲೆ. 1,72,191 ಮತಗಳು ಎರಡೆಲೆಗೆ, 1,38,170 ಹೂವಿಗೆ. ಪ್ರತ್ಯೇಕ ರಾಜ್ಯ ಬೇಕೆಂದವರಿಗೆ ಮತಪತ್ರದಲ್ಲಿ ಜಾಗವೇ ಇರಲಿಲ್ಲ. ಅವರು ಎರಡೆಲೆಗೆ ಒತ್ತಿ 1987ರವರೆಗೆ ಕಾದರು. 1975ರ ಏಪ್ರಿಲ್‌ನಲ್ಲಿ ಸಿಕ್ಕಿಂನಲ್ಲಿ ಅರಸೊತ್ತಿಗೆ ರದ್ದು, ಭಾರತದೊಂದಿಗೆ ಸೇರ್ಪಡೆ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಹೊಲಿದು ಕೇಳಿದರು. ಅರಸ ಬೇಡ, ಆದರೆ ಸೇರ್ಪಡೆಯೂ ಬೇಡ ಎನ್ನುವವನಿಗೆ ಗುರುತು ಒತ್ತಲು ಚೌಕವಿರಲಿಲ್ಲ. 59,637 ಪರ, 1,496 ವಿರೋಧ.

ಮಹಾರಾಷ್ಟ್ರದ ಹಳ್ಳಿಗಳಲ್ಲಿ ಮದ್ಯದಂಗಡಿ ಮುಚ್ಚಿಸಲು ಹೆಂಗಸರು ಹಾಕುವ ಮತ ನಮ್ಮ ಪರಿಸ್ಥಿತಿಗೆ ಹತ್ತಿರದ್ದು. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ, ಅಷ್ಟೇ. ಓದು ಬರದವರಿಗೂ ಅರ್ಥವಾಗುವ ಪ್ರಶ್ನೆ. ತಿರುವು ಇರುವುದು ಎಣಿಕೆಯಲ್ಲಿ: ಮತ ಹಾಕಿದವರಲ್ಲಿ ಹೆಚ್ಚಿನವರು ಸಾಲದು, ಪಟ್ಟಿಯಲ್ಲಿರುವ ಒಟ್ಟು ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಒತ್ತಬೇಕು. ಕೂಲಿಗೆ ಹೋಗಿ ಬರಲಾಗದವಳ ಮತ ತಾನಾಗಿಯೇ ನಿಂತ ಬಾಟಲಿಯ ಲೆಕ್ಕಕ್ಕೆ ಸೇರುತ್ತದೆ.

ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಗಣಿಗಾರಿಕೆಯ ವಿಷಯವನ್ನು ಗ್ರಾಮಸಭೆಗಳಿಗೆ ಒಪ್ಪಿಸಿತು. 12 ಹಳ್ಳಿಗಳು ಒಂದೇ ಸ್ವರದಲ್ಲಿ ಬೇಡ ಎಂದವು. ಅಲ್ಲೂ ತಕರಾರು ಇದ್ದೇ ಇತ್ತು, ಆದರೆ ಬೇರೆ ಬಗೆಯದು: ಬೆಟ್ಟದಲ್ಲಿರುವ ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಈ 12 ಮಾತ್ರ ಏಕೆ? ಕೋಲಾರಕ್ಕೆ ಹೊಂದಿಸಿ ನೋಡಿದರೆ, ಕೇಳಬೇಕಾದದ್ದು ಕೆರೆ ತುಂಬಿದ ಊರನ್ನೋ, ಕೋಡಿ ಬಿದ್ದ ಮೇಲೆ ಅದೇ ನೀರು ಹರಿದುಹೋಗುವ ಕೆಳಗಿನ ಊರನ್ನೋ? ನಮ್ಮ ಕೆರೆಗಳು ಸರಣಿ ಕೆರೆಗಳು. ಮೇಲಿನವರ ಹೂಂ ಕೆಳಗಿನವರ ಮನೆಬಾಗಿಲಿಗೂ ಹೋಗುತ್ತದೆ.

ನಮ್ಮಲ್ಲಿ ಕೈಗೆ ಸಿಗುವುದು ಗ್ರಾಮಸಭೆ. ನಡಾವಳಿ ಪುಸ್ತಕ ತೆರೆದು ನೋಡಿದವರಿಗೆ ಅದರ ಭಾಷೆ ಪರಿಚಿತ: ‘ವಿಷಯವನ್ನು ಸಭೆಯ ಮುಂದೆ ಮಂಡಿಸಿ ಚರ್ಚಿಸಲಾಗಿ ಸರ್ವಾನುಮತದಿಂದ ಒಪ್ಪಿಗೆ ಸೂಚಿಸಲಾಯಿತು.’ ಏನೆಂದು ಮಂಡಿಸಲಾಯಿತು ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ. ಹತ್ತನೇ ಒಂದು ಪಾಲು ಮತದಾರರು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಕೋರಂ. ಬಂದವರ ಸಹಿಯನ್ನು ಮೊದಲೇ ಪಡೆದು ಮನೆಗೆ ಕಳುಹಿಸುವ ಅಭ್ಯಾಸದ ಬಗ್ಗೆ ಇಲ್ಲಿ ಬರೆಯಬೇಕಿಲ್ಲ, ಹಳ್ಳಿಯಲ್ಲಿರುವವರಿಗೆ ಅದು ಗೊತ್ತು.

ಸರಿಯಾಗಿ ಕೇಳಬೇಕೆಂದರೆ ಒಂದು ಪ್ರಶ್ನೆ ಸಾಲದು. ಮೂರನೇ ಹಂತದ ಸಂಸ್ಕರಣೆ ಆಗುವವರೆಗೆ ಕಾಯುವಿರಾ, ಈಗಿನ ನೀರನ್ನೇ ತೆಗೆದುಕೊಳ್ಳುವಿರಾ? ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಅಂಟಿಸಬೇಕೆ? ಮಾದರಿಯನ್ನು ಪಂಪ್‌ಹೌಸ್‌ನಲ್ಲಿ ತೆಗೆಯಬೇಕೋ, ಕೊನೆಯ ಕೆರೆಯ ತೂಬಿನಲ್ಲೋ? ಇವಕ್ಕೆ ಹೌದು, ಇಲ್ಲ ಎಂದು ಕೈ ಎತ್ತಿಸುವುದು ತುಸು ಕಷ್ಟ. ‘ನೀರು ಬೇಕೆ?’ ಎಂಬುದಕ್ಕೆ ಕೈ ಎತ್ತಿಸುವಷ್ಟು ಸಲೀಸಲ್ಲ.

ಪ್ರಶ್ನೆಯನ್ನು ಯಾವಾಗಲೂ ಮೇಲಿನವರೇ ಬರೆಯಬೇಕೆಂದೇನೂ ಇಲ್ಲ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆಯ ಶೇ 10ರಷ್ಟು ಸದಸ್ಯರು ಲಿಖಿತವಾಗಿ ಕೋರಿದರೆ ವಿಶೇಷ ಸಭೆ ಕರೆಯಬೇಕು, ಚರ್ಚೆಯ ವಿಷಯಗಳನ್ನು ಆ ಮನವಿಯಲ್ಲೇ ನಮೂದಿಸಿರಬೇಕು. ಅಂಥ ಎರಡು ಸಭೆಗಳ ನಡುವೆ ಮೂರು ತಿಂಗಳ ಅಂತರವಿರಬೇಕು ಎಂಬುದೊಂದೇ ಗಮನಿಸಬೇಕಾದ ಷರತ್ತು.