ಪತ್ರಾಶ್ ಮತ್ತು ಗಾಡಿ: ‘ಎ ಡಾಗ್ ಆಫ್ ಫ್ಲಾಂಡರ್ಸ್’ ಓದುವವರಿಗೆ ಒಂದು ಟಿಪ್ಪಣಿ

1872ರಲ್ಲಿ ಬಂದ ಪುಟ್ಟ ಕಾದಂಬರಿ ಇದು. ಬರೆದವರು ಇಂಗ್ಲೆಂಡಿನ ಲೇಖಕಿ ವೀಡಾ. ಅದು ಅವರ ಕಾವ್ಯನಾಮ. ನಿಜವಾದ ಹೆಸರು ಮರಿಯಾ ಲೂಯಿಸ್ ರಾಮೆ. ಕತೆ ನಡೆಯುವುದು ಬೆಲ್ಜಿಯಂನಲ್ಲಿ, ಆಂಟ್‌ವರ್ಪ್ ಹತ್ತಿರದ ಒಂದು ಹಳ್ಳಿಯಲ್ಲಿ. ಕ್ರಿಸ್‌ಮಸ್ ಕತೆ ಅಂದಕೂಡಲೇ ಕೇಕು, ಉಡುಗೊರೆ, ನಗುವ ಮುಖಗಳು ನೆನಪಾಗುತ್ತವೆ, ಅಲ್ವಾ? ಇಲ್ಲಿ ಕೊನೆಗೆ ಬರುವುದು ಸಾವು. ಆದರೂ ಓದಿ ಮುಗಿಸಿದಾಗ ಮನಸ್ಸು ಬೆಚ್ಚಗಾಗುತ್ತದೆ. ಆ ಬಿಸುಪು ಬರುವುದು ಪತ್ರಾಶ್ ಎಂಬ ನಾಯಿಯಿಂದ ಅಂತ ನನಗನ್ನಿಸುತ್ತದೆ.

ಒಂದು ಸಣ್ಣ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಕನ್ನಡದಲ್ಲಿ ನಾಯಿಯನ್ನು ‘ಅದು’ ಅಂತೀವಿ. ಇಂಗ್ಲಿಷ್ ಮೂಲದಲ್ಲಿ ಪತ್ರಾಶ್‌ನನ್ನು ‘ಅವನು’ ಎಂದೇ ಕರೆದಿದ್ದಾರೆ. ನಾನೂ ಹಾಗೇ ಬರೆಯುತ್ತೇನೆ. ‘ಅದು’ ಅಂದರೆ ಈ ಕತೆಯ ಅರ್ಧ ಕೈತಪ್ಪುತ್ತದೆ.

ಪತ್ರಾಶ್ ಮೊದಲು ಒಬ್ಬ ಪಾತ್ರೆ ವ್ಯಾಪಾರಿಯ ಗಾಡಿ ಎಳೆಯುತ್ತಿದ್ದ. ಆ ಕಾಲದ ಬೆಲ್ಜಿಯಂನಲ್ಲಿ ನಾಯಿ ಎಳೆಯುವ ಗಾಡಿಗಳು ಸಾಮಾನ್ಯ. ಹೊಟ್ಟೆಗಿಲ್ಲ, ನೀರಿಲ್ಲ, ಮೈತುಂಬ ಏಟು. ಒಂದು ದಿನ ರಸ್ತೆಯಲ್ಲೇ ಕುಸಿದು ಬಿದ್ದ. ಸತ್ತ ಅಂದುಕೊಂಡು ಯಜಮಾನ ಅವನನ್ನು ಪಕ್ಕಕ್ಕೆ ಒದ್ದು ಹೋದ. ಎತ್ತಿಕೊಂಡು ಮನೆಗೆ ತಂದವರು ಕುಂಟುವ ಮುದುಕ ಯೆಹಾನ್ ದಾಸ್ ಮತ್ತು ಅವನ ಪುಟ್ಟ ಮೊಮ್ಮಗ ನೆಲ್ಲೊ. ಅಜ್ಜನಿಗೆ ಊರಿನವರ ಹಾಲನ್ನು ಪೇಟೆಗೆ ಒಯ್ಯುವ ಕೆಲಸ.

ಈಗ ಬರುವ ಜಾಗವನ್ನು ನಿಧಾನವಾಗಿ ಓದಿ. ಮೈ ಸರಿಹೋದ ಮೇಲೆ ಪತ್ರಾಶ್ ತಾನಾಗಿಯೇ ಹೋಗಿ ಹಾಲಿನ ಗಾಡಿಯ ಮೂಕಿಗಳ ನಡುವೆ ನಿಂತುಕೊಳ್ಳುತ್ತಾನೆ. ಅಜ್ಜ ಬೇಡ ಅನ್ನುತ್ತಾನೆ. ಇವನು ಬಿಡುವುದಿಲ್ಲ. ಮೊದಲು ಚಾಟಿಗೆ ಹೆದರಿ ಎಳೆಯುತ್ತಿದ್ದವನು ಈಗ ಪ್ರೀತಿಗೆ ಎಳೆಯುತ್ತಾನೆ. ಗಾಡಿ ಎಳೆಯುವ ಕೆಲಸ ಬದಲಾಗಲಿಲ್ಲ, ಎಳೆಯುವ ಕಾರಣ ಬದಲಾಯಿತು. ಇದನ್ನು ಗುರುತು ಹಾಕಿಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ನೆಲ್ಲೊಗೆ ಚಿತ್ರದ ಹುಚ್ಚು. ಆಂಟ್‌ವರ್ಪ್ ಕೆಥೆಡ್ರಲ್‌ನಲ್ಲಿ, ಅಂದರೆ ಅಲ್ಲಿನ ದೊಡ್ಡ ಚರ್ಚಿನಲ್ಲಿ, ಹೆಸರಾಂತ ಚಿತ್ರಕಾರ ರೂಬೆನ್ಸ್ ಬರೆದ ಎರಡು ದೊಡ್ಡ ಚಿತ್ರಗಳಿವೆ: ಶಿಲುಬೆಯನ್ನು ಎತ್ತಿ ನಿಲ್ಲಿಸುವುದು, ಶಿಲುಬೆಯಿಂದ ಏಸುವನ್ನು ಕೆಳಗಿಳಿಸುವುದು. ಕತೆಯಲ್ಲಿ ಅವುಗಳಿಗೆ ಪರದೆ ಹಾಕಿರುತ್ತಾರೆ. ದುಡ್ಡು ಕೊಟ್ಟವರಿಗೆ ಮಾತ್ರ ಪರದೆ ಸರಿಯುತ್ತದೆ. ಹುಡುಗ ಒಳಗೆ ಹೋದಾಗಲೆಲ್ಲ ಪತ್ರಾಶ್ ಬಾಗಿಲ ಹೊರಗೆ ಕಾಯಬೇಕು. ನಾಯಿಗೆ ಒಳಗೆ ಪ್ರವೇಶವಿಲ್ಲ.

ಮುಂದಿನ ಕಷ್ಟಗಳು ಒಂದರ ಹಿಂದೊಂದು ಬರುತ್ತವೆ. ಗೆಳತಿ ಅಲೋಯ್‌ಳ ತಂದೆ ಕೋಜೆಯ ಗಿರಣಿ ಪಕ್ಕದ ಕಟ್ಟಡಗಳಿಗೆ ಬೆಂಕಿ ಬೀಳುತ್ತದೆ, ತಪ್ಪು ನೆಲ್ಲೊ ತಲೆಗೆ. ಅಜ್ಜ ಸಾಯುತ್ತಾನೆ. ಬಾಡಿಗೆ ಕಟ್ಟಲಾಗದೆ ಗುಡಿಸಲು ಹೋಗುತ್ತದೆ. ಡಿಸೆಂಬರ್ 24ರಂದು ನೆಲ್ಲೊ ಚಿತ್ರ ಕೊಟ್ಟಿದ್ದ ಸ್ಪರ್ಧೆಯ ಫಲಿತಾಂಶ ಬರುತ್ತದೆ, ಬಹುಮಾನ ಬೇರೆಯವರಿಗೆ.

ಅದೇ ಸಂಜೆ ಹಿಮದಲ್ಲಿ ಪತ್ರಾಶ್ ಒಂದು ಹಣದ ಚೀಲ ಹುಡುಕಿ ತೆಗೆಯುತ್ತಾನೆ. ಒಳಗೆ ಎರಡು ಸಾವಿರ ಫ್ರಾಂಕ್. ಹಣ ಕೋಜೆಯದು. ಹಸಿದ ಹುಡುಗ ಅದನ್ನು ನೇರ ಅವನ ಮನೆಗೆ ಒಯ್ದು ಕೊಡುತ್ತಾನೆ. ತನಗಾಗಿ ಏನೂ ಕೇಳುವುದಿಲ್ಲ. ಹಣ ಸಿಕ್ಕಿದ್ದು ನಾಯಿಯಿಂದ, ಅವನಿಗೆ ಅನ್ನ, ಜಾಗ ಕೊಡಿ ಎನ್ನುತ್ತಾನೆ. ನಾಯಿಯನ್ನು ಒಳಗೆ ಬಿಟ್ಟು ಬಾಗಿಲೆಳೆದು ಹೋಗುತ್ತಾನೆ.

ಅಲ್ಲಿ ಬೆಂಕಿ ಉರಿಯುತ್ತಿದೆ. ಹಬ್ಬದ ಊಟ ಮುಂದಿದೆ. ಪತ್ರಾಶ್ ಮುಟ್ಟುವುದಿಲ್ಲ. ಯಾರೋ ಬಂದು ಬಾಗಿಲು ತೆರೆದ ಗಳಿಗೆಯಲ್ಲಿ ಹೊರಗೆ ನುಸುಳುತ್ತಾನೆ. ಹಿಮ ಮುಚ್ಚಿದ ಹೆಜ್ಜೆಗಳ ವಾಸನೆ ಹಿಡಿದು ಕೆಥೆಡ್ರಲ್‌ವರೆಗೆ ಹೋಗುತ್ತಾನೆ. ಮಧ್ಯರಾತ್ರಿಯ ಪೂಜೆ ಮುಗಿದ ಮೇಲೆ ಬಾಗಿಲು ಹಾಕಲು ಮರೆತಿರುತ್ತಾರೆ. ಸಾಮಾನ್ಯವಾಗಿ ಹೊರಗೇ ಕಾಯುತ್ತಿದ್ದವನು ಆ ರಾತ್ರಿ ಒಳಗೆ ಹೋಗುತ್ತಾನೆ. ನೆಲ್ಲೊ ಅಷ್ಟರಲ್ಲಿ ಪರದೆ ಸರಿಸಿರುತ್ತಾನೆ. ಬೆಳದಿಂಗಳು ಬಂದಾಗ ಚಿತ್ರಗಳು ಕಾಣುತ್ತವೆ. ಬೆಳಗ್ಗೆ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡೇ ಸತ್ತಿರುತ್ತಾರೆ.

ಇಲ್ಲಿ ಗಾಡಿಯ ದೃಶ್ಯವನ್ನು ನೆನೆಯಿರಿ. ಎರಡೂ ಸಲ ಪತ್ರಾಶ್‌ಗೆ ಸುಖದ ದಾರಿ ತೆರೆದೇ ಇತ್ತು. ಎರಡೂ ಸಲ ಅವನು ತಾನಾಗಿಯೇ ಕಷ್ಟದ ಕಡೆಗೆ ನಡೆದ. ಪರೀಕ್ಷೆಯಲ್ಲಿ ‘ನಿಷ್ಠೆ’ ಅಂತ ಸುಮ್ನೆ ಒಂದು ಪದ ಬರೆಯುವ ಬದಲು ಈ ಎರಡು ಗಳಿಗೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ.

ಕೆಲವು ಅಮೆರಿಕನ್ ಸಿನಿಮಾಗಳು ಕೊನೆಯನ್ನು ಬದಲಿಸಿ ನೆಲ್ಲೊನನ್ನು ಉಳಿಸಿವೆ. ನನಗೆ ಅದು ಒಪ್ಪಿಗೆಯಿಲ್ಲ. ಹಣ ಮರಳಿ ಬಂದ ಮೇಲೆ, ಹುಡುಗನಿಗೆ ಅನ್ಯಾಯ ಮಾಡಿದೆ ಅಂತ ಕೋಜೆ ಪಶ್ಚಾತ್ತಾಪಪಡುತ್ತಾನೆ. ಆ ಪಶ್ಚಾತ್ತಾಪ ತಡವಾಗಿ ಬಂದದ್ದರಿಂದಲೇ ಅದಕ್ಕೆ ಅಷ್ಟು ಭಾರ. ಈ ಕತೆಯನ್ನು ತುಂಬಾ ಹಚ್ಚಿಕೊಂಡವರು ಜಪಾನಿನವರು. ಅಲ್ಲಿ 1975ರಲ್ಲಿ 52 ಕಂತುಗಳ ಆನಿಮೇಷನ್ ಧಾರಾವಾಹಿ ಬಂತು. 2016ರಲ್ಲಿ ಆಂಟ್‌ವರ್ಪ್ ಕೆಥೆಡ್ರಲ್ ಮುಂದೆ ಇಬ್ಬರ ಶಿಲ್ಪ ಇಟ್ಟರು. ಹುಡುಗ, ನಾಯಿ ಒಂದೇ ಹೊದಿಕೆಯಡಿ ಮಲಗಿದ್ದಾರೆ. ಹೊದಿಕೆ ಬಟ್ಟೆಯದಲ್ಲ, ಬೀದಿಗೆ ಹಾಸುವ ಕಲ್ಲುಗಳದು. ಪತ್ರಾಶ್ ಹಾಲಿನ ಗಾಡಿ ಎಳೆದದ್ದು ಅಂಥ ಕಲ್ಲುಗಳ ಮೇಲೆಯೇ.