ಮಾಸ್ಕ್ ಸೋರುತ್ತಿದ್ದರೆ ಮೊದಲು ಪಟ್ಟಿ ಸಡಿಲಿಸಿ

ಅಂಕೋಲೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ ಜೊತೆ ಬಂದಿದ್ದರು. ಮೂರು ತಿಂಗಳ ಹಿಂದೆ ಅವರಿಗೆ ಸಿಪ್ಯಾಪ್, ಅಂದರೆ ನಿದ್ದೆಯಲ್ಲಿ ಮಾಸ್ಕಿನ ಮೂಲಕ ಗಾಳಿ ಊದುವ ಯಂತ್ರ, ಬರೆದುಕೊಟ್ಟಿದ್ದೆ. ಕನ್ನಡಕ ಕೂರುವ ಜಾಗದಲ್ಲಿ ಮೂಗಿನ ಚರ್ಮ ಸುಲಿದಿತ್ತು. ಎರಡೂ ಕೆನ್ನೆ ಮೇಲೆ ಪಟ್ಟಿಯ ಗೆರೆ. ಬಲಗಣ್ಣು ಕೆಂಪು. ನಾನು ಕೇಳುವ ಮೊದಲೇ ಅವರ ಹೆಂಡತಿ ಹೇಳಿದರು: "ರಾತ್ರಿಯಿಡೀ ಸುಂಯ್ ಅಂತ ಶಬ್ದ ಡಾಕ್ಟ್ರೇ. ಎಷ್ಟು ಬಿಗಿದರೂ ಸೋರ್ತದೆ. ಇವರು ಎರಡು ಗಂಟೆಗೆ ಎದ್ದು ಕಿತ್ತು ಬದಿಗಿಡ್ತಾರೆ."

ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಗೆ ಸಿಪ್ಯಾಪ್ ತುಂಬ ಒಳ್ಳೆಯ ಚಿಕಿತ್ಸೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಯಂತ್ರ ಗಾಳಿಯ ಒತ್ತಡದಿಂದ ಆ ದಾರಿಯನ್ನು ತೆರೆದಿಡುತ್ತದೆ. ಮೇಷ್ಟ್ರ ಯಂತ್ರದ ಒತ್ತಡ 10 ಸೆಂ.ಮೀ. ಎತ್ತರದ ನೀರಿನಷ್ಟು. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಎದುರು ಇದು ನೂರರಲ್ಲಿ ಒಂದು ಪಾಲು ಮಾತ್ರ. ಗಂಟಲು ತೆರೆದಿರಲು ಇಷ್ಟು ಸಾಕು. ಆದರೆ ಇಷ್ಟಾದರೂ ಗಂಟಲಿಗೆ ತಲುಪಬೇಕಲ್ವಾ? ಸಣ್ಣ ಸೋರಿಕೆಯನ್ನು ಯಂತ್ರ ಜಾಸ್ತಿ ಗಾಳಿ ಊದಿ ಸರಿದೂಗಿಸುತ್ತದೆ. ತೀರಾ ಹೆಚ್ಚಾದರೆ ಒತ್ತಡ ಇಳಿದು ಉಸಿರು ಮತ್ತೆ ನಿಲ್ಲತೊಡಗುತ್ತದೆ. ಮಾಸ್ಕ್ ಮುಖದ ಮೇಲಿದ್ದರೂ ಹಗಲು ತೂಕಡಿಕೆ ತಪ್ಪುವುದಿಲ್ಲ.

ಮೇಷ್ಟ್ರನ್ನು ತಪಾಸಣೆ ಮಂಚದ ಮೇಲೆ ಮಲಗಿಸಿ, ಯಂತ್ರ ಚಾಲೂ ಮಾಡಿದೆ. ಆಮೇಲೆ ಪಟ್ಟಿಗಳನ್ನೆಲ್ಲ ಸಡಿಲಿಸಿದೆ. ಅವರಿಗೆ ಗಾಬರಿ. ಮಾಸ್ಕನ್ನು ಮುಖದಿಂದ ಸ್ವಲ್ಪ ಮುಂದಕ್ಕೆ ಎಳೆದು, ಮೆಲ್ಲಗೆ ಮತ್ತೆ ಕೂರಿಸಿ, ಸದ್ದು ನಿಲ್ಲುವವರೆಗೆ ಮಾತ್ರ ಎರಡೂ ಕಡೆ ಸಮವಾಗಿ ಬಿಗಿದೆ. ಮಾಸ್ಕಿನ ಅಂಚಿನ ಸಿಲಿಕಾನ್ ಕುಷನ್‌ಗೆ ತೆಳುವಾದ ಪದರ ಇರುತ್ತದೆ. ಗಾಳಿ ತುಂಬಿ ಆ ಪದರ ಉಬ್ಬಿದರೆ ಮುಖಕ್ಕೆ ತಾನೇ ಒತ್ತಿಕೊಳ್ಳುತ್ತದೆ. ಜೋರಾಗಿ ಬಿಗಿದರೆ ಅದು ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಮಡಿಕೆ ಬಿದ್ದಲ್ಲಿ ಗಾಳಿ ನುಗ್ಗುತ್ತದೆ, ಹೆಚ್ಚಾಗಿ ಕಣ್ಣಿನ ಕಡೆಗೆ. ಅವರ ಕೆಂಪು ಕಣ್ಣಿಗೆ ಕಾರಣ ಅದೇ. ಪಟ್ಟಿಯಡಿ ಒಂದು ಬೆರಳು ಸುಲಭವಾಗಿ ತೂರುವಷ್ಟು ಸಡಿಲ ಇರಲಿ. ಕೂತು ಸರಿಮಾಡಿಕೊಂಡರೆ ಸಾಲದು. ಮಲಗಿದಾಗ ಕೆನ್ನೆ ಹಿಂದಕ್ಕೆ ಜಾರಿ ಮುಖದ ಆಕಾರವೇ ಬದಲಾಗುತ್ತದೆ. ರಾತ್ರಿ ಹಲ್ಲಿನ ಸೆಟ್ ತೆಗೆದಿಡುವವರು ಅದನ್ನು ತೆಗೆದ ಮೇಲೆಯೇ ಮಾಸ್ಕ್ ಹೊಂದಿಸಿಕೊಳ್ಳಿ.

ಇನ್ನೊಂದು ಕಾರಣ ಅವರ ಹಣೆಯ ಮೇಲೇ ಹೊಳೆಯುತ್ತಿತ್ತು. ತೆಂಗಿನೆಣ್ಣೆ! ನಮ್ಮ ಕರಾವಳಿಯಲ್ಲಿ ರಾತ್ರಿ ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಉಳಿದದ್ದನ್ನು ಮುಖಕ್ಕೆ ಸವರಿಕೊಳ್ಳುವವರು ಬಹಳ ಜನ. ಎಣ್ಣೆ ಮುಖದ ಮೇಲೆ ಸಿಲಿಕಾನ್ ನಿಲ್ಲುವುದಿಲ್ಲ, ಜಾರುತ್ತದೆ. ಎಣ್ಣೆ ಸ್ನಾನಕ್ಕೆ ಮುಂಚೆ ಹಚ್ಚಿ. ಮಲಗುವ ಮುಂಚೆ ಸೋಪು ಹಾಕಿ ಮುಖ ತೊಳೆದು ಒರೆಸಿ. ಕುಷನ್ನನ್ನು ದಿನಾ ಬೆಳಿಗ್ಗೆ ಮೃದುವಾದ ಸೋಪುನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತೊಳೆದರೂ ಮೆತ್ತಗಾಗಿ ಆಕಾರ ಬಿಟ್ಟಿದ್ದರೆ ಬದಲಿಸುವ ಕಾಲ ಬಂದಿದೆ.

ಈಗ ಒಂದು ಅಪಾಯದ ಮಾತು. ಶಿರಸಿ ಕಡೆಯಿಂದ ದೇವಿಮನೆ ಘಟ್ಟ ಇಳಿದು ಬಂದ ತೋಟದವರೊಬ್ಬರು ಮಾಸ್ಕಿನ ಮುಂದಿನ ಸಣ್ಣ ತೂತುಗಳಿಗೆ ಪ್ಲಾಸ್ಟರ್ ಅಂಟಿಸಿದ್ದರು. ಅಲ್ಲಿಂದ ಗಾಳಿ ಬರುವುದು ನೋಡಿ ಸೋರಿಕೆ ಅಂದುಕೊಂಡಿದ್ದರು. ಬೆಳಿಗ್ಗೆ ತಲೆನೋವು ಅಂತ ಬಂದಿದ್ದರು. ಆ ತೂತುಗಳನ್ನು ಬೇಕೆಂದೇ ಇಟ್ಟಿರುತ್ತಾರೆ. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಹೋಗುವುದು ಅಲ್ಲಿಂದಲೇ. ಅವುಗಳನ್ನು ಯಾವತ್ತೂ ಮುಚ್ಚಬೇಡಿ. ನನ್ನ ಕೈಯಿಂದಲೇ ಪ್ಲಾಸ್ಟರ್ ಕಿತ್ತೆ. ಮಾಸ್ಕ್ ಕೊಡುವಾಗಲೇ ಇದನ್ನು ಯಾರಾದರೂ ಅವರಿಗೆ ಹೇಳಬೇಕಿತ್ತು ಅಂತ ಬೇಸರವಾಯಿತು. ಸೋರಿಕೆಯ ಅಂಕಿ ತೋರಿಸುವಾಗ ರೆಸ್‌ಮೆಡ್ ಕಂಪನಿಯ ಯಂತ್ರಗಳು ಈ ತೂತಿನ ಗಾಳಿಯನ್ನು ಕಳೆದು ಉಳಿದ ಸೋರಿಕೆಯನ್ನಷ್ಟೇ ತೋರಿಸುತ್ತವೆ. ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಎಂದು ಲೆಕ್ಕ. ಕೆಲವು ಬೇರೆ ಕಂಪನಿಯ ಯಂತ್ರಗಳು ಎರಡನ್ನೂ ಕೂಡಿಸಿ ತೋರಿಸುತ್ತವೆ. ಹಾಗಾಗಿ ಪಕ್ಕದ ಮನೆಯವರ ಅಂಕಿ ನೋಡಿ ಹೆದರಬೇಡಿ.

ಮಳೆಗಾಲದಲ್ಲಿ ಬರುವ ದೂರು ಬೇರೆ. ಮನೆಯೊಳಗೆ ತೇವ, ಗೋಡೆಗೆ ಬೂಸ್ಟು, ಬೆಳಗಾದರೆ ಸೀನು. ಮೂಗು ಕಟ್ಟಿದರೆ ಬಾಯಿ ತೆರೆದುಕೊಳ್ಳುತ್ತದೆ. ಮೂಗಿನ ಮಾಸ್ಕ್ ಹಾಕಿದವರಿಗೆ ಗಾಳಿಯೆಲ್ಲ ಬಾಯಿಯಿಂದ ಹೊರಗೆ. ಬೆಳಿಗ್ಗೆ ನಾಲಿಗೆ ಒಣಗಿ ಅಂಟಿಕೊಂಡಿದ್ದರೆ ಇದೇ ಇರಬಹುದು ನೋಡಿ. ಮೊದಲು ಮೂಗಿಗೆ ಮದ್ದು ಮಾಡಬೇಕು. ಉಪ್ಪುನೀರಿನ ಸ್ಪ್ರೇ, ಅಲರ್ಜಿ ಇದ್ದರೆ ಅದಕ್ಕೆ ಔಷಧಿ. ಆಮೇಲೂ ಬಾಯಿ ತೆರೆದರೆ ಗದ್ದದ ಪಟ್ಟಿ, ಅಥವಾ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್. ನೀವೇ ಬಾಯಿಗೆ ಟೇಪ್ ಅಂಟಿಸಿಕೊಳ್ಳಬೇಡಿ. ನಮ್ಮಲ್ಲಿ ಮಳೆಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಆಗ ಉಸಿರಿಗೆ ದಾರಿ ಬೇಕು.

ಮಗ್ಗುಲು ಬದಲಿಸಿದಾಗ ಪೈಪ್ ಎಳೆದು ಸೋರುವುದೂ ಉಂಟು. ಮೇಷ್ಟ್ರ ಹೆಂಡತಿ ಇದಕ್ಕೆ ತಾವೇ ದಾರಿ ಹುಡುಕಿದರು. ಸೊಳ್ಳೆ ಪರದೆಯ ಕೋಲಿಗೆ ಮೆತ್ತನೆ ಬಟ್ಟೆಯ ಕುಣಿಕೆ ಕಟ್ಟಿ, ಪೈಪನ್ನು ತಲೆಯ ಮೇಲಿಂದ ತೂಗುಹಾಕಿದ್ದಾರೆ. ಈಗ ನಾನೂ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೇನೆ.

ಇಷ್ಟಾದರೂ ನಿಲ್ಲದಿದ್ದರೆ ಮಾಸ್ಕಿನ ಅಳತೆ ಅಥವಾ ಮಾದರಿಯೇ ನಿಮ್ಮ ಮುಖಕ್ಕೆ ಹೊಂದದಿರಬಹುದು. ಯಂತ್ರವನ್ನು ಅಟ್ಟಕ್ಕೆ ಹಾಕುವ ಮೊದಲು ಒಮ್ಮೆ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಯಂತ್ರ, ಮಾಸ್ಕ್, ಪೈಪ್ ಎಲ್ಲ ಒಯ್ಯಿರಿ. ದಿನಾ ತಲೆ ಇಡುವ ದಿಂಬನ್ನೂ ಒಯ್ಯಿರಿ.