ಸುಲ್ತಾನನ ಕಾರಂಜಿಯ ಹಿಂದಿನ ಲೆಕ್ಕಾಚಾರ

ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯ ಹೆಬ್ಬಾಗಿಲಿನೆದುರು, ಹಯಾ ಸೋಫಿಯಾದ ಬೆನ್ನಿಗೆ, ಸುಲ್ತಾನ ಮೂರನೇ ಅಹ್ಮದ್ 1728ರಲ್ಲಿ ಕಟ್ಟಿಸಿದ ಸಾರ್ವಜನಿಕ ನೀರಿನ ಮನೆಯೊಂದಿದೆ. ಕಾರಂಜಿ ಎಂದು ಕರೆಯುವುದು ರೂಢಿಯಾದರೂ ಇಲ್ಲಿ ನೀರು ಮೇಲಕ್ಕೆ ಚಿಮ್ಮುವುದಿಲ್ಲ. ಅಗಲವಾದ ಸೂರು, ಮೇಲೆ ಐದು ಪುಟ್ಟ ಗುಮ್ಮಟಗಳಿರುವ ಈ ಚೌಕ ಕಟ್ಟಡದ ನಾಲ್ಕು ಗೋಡೆಗಳಲ್ಲಿ ಒಂದೊಂದು ನಲ್ಲಿ. ದುಂಡಗೆ ಉಬ್ಬಿದ ನಾಲ್ಕು ಮೂಲೆಗಳಲ್ಲಿ ಜಾಲಂದ್ರದ ಕಿಟಕಿಗಳುಳ್ಳ 'ಸೆಬಿಲ್'ಗಳು. ಒಳಗಿದ್ದ ಸೇವಕರು ಆ ಕಿಟಕಿಗಳ ಮೂಲಕ ದಾರಿಹೋಕರಿಗೆ ಬಟ್ಟಲಿನಲ್ಲಿ ನೀರು ಕೊಡುತ್ತಿದ್ದರು, ಹಣ ಕೇಳುತ್ತಿರಲಿಲ್ಲ.

ನೋಡುಗರ ಕಣ್ಣು ಹೂಬಳ್ಳಿಗಳ ಕೆತ್ತನೆಯಲ್ಲೇ ನಿಂತುಬಿಡುತ್ತದೆ. ನನಗಾದರೋ ಇಂಥ ಕಟ್ಟೆಗಳಿಗೆ ನೀರು ತಲುಪಿಸುತ್ತಿದ್ದ ಏರ್ಪಾಡೇ ಹೆಚ್ಚು ಸೋಜಿಗದ್ದು. ಊರಿನ ಹೊರಗಿನ ಕಾಡುಗಳ ತೊರೆಗಳಿಂದ ನೀರು ಕೇವಲ ಇಳಿಜಾರನ್ನು ನಂಬಿ ಹರಿದು ಬರುತ್ತಿತ್ತು. 16ನೇ ಶತಮಾನದಲ್ಲಿ ವಾಸ್ತುಶಿಲ್ಪಿ ಸಿನಾನ್ ರೂಪಿಸಿದ ಕಿರ್ಕ್‌ಚೆಶ್ಮೆ ಜಾಲದಲ್ಲಿ ಕಣಿವೆಗಳನ್ನು ದಾಟಿಸಲು ಕಮಾನುಗಳ ಮೇಲೆ ಕಾಲುವೆ ಕಟ್ಟಲಾಗಿತ್ತು. ಅವುಗಳಲ್ಲೊಂದಾದ ಮಾಲೋವಾ ಸುಮಾರು 36 ಮೀಟರ್ ಎತ್ತರವಿದೆ.

ಊರೊಳಗೆ ಬಂದಮೇಲೆ ತೊಡಕು ಬೇರೆ. ನೀರು ಹತ್ತು ಮೀಟರ್ ತಗ್ಗಿಗೆ ಇಳಿದರೆ, ಮುಚ್ಚಿದ ಕೊಳವೆಯೊಳಗೆ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಸುಟ್ಟ ಮಣ್ಣಿನ ಕೊಳವೆಗಳ ಬೆಸುಗೆಗಳು ಅದನ್ನು ಬಹಳ ತಾಳಲಾರವು. ಆದ್ದರಿಂದ ದಾರಿಯುದ್ದಕ್ಕೂ 'ಸು ತೆರಾಝಿಸಿ' ಎಂಬ ಕಲ್ಲಿನ ಗೋಪುರಗಳನ್ನು ನಿಲ್ಲಿಸುತ್ತಿದ್ದರು. ಒಂದು ಕೊಳವೆಯಲ್ಲಿ ಮೇಲೇರಿದ ನೀರು ತುದಿಯ ತೆರೆದ ತೊಟ್ಟಿಯಲ್ಲಿ ಗಾಳಿಗೆ ತೆರೆದುಕೊಂಡು, ಒತ್ತಡವನ್ನೂ ಸಿಕ್ಕಿಕೊಂಡ ಗಾಳಿಯನ್ನೂ ಬಿಟ್ಟು, ಇನ್ನೊಂದು ಕೊಳವೆಯಲ್ಲಿ ಇಳಿದು ಮುಂದೆ ಸಾಗುತ್ತಿತ್ತು. ವಿಜಯಪುರದಲ್ಲಿ ಆದಿಲ್‌ಶಾಹಿಗಳು ಮಣ್ಣಿನ ಕೊಳವೆಗಳ ನಡುನಡುವೆ ಕಟ್ಟಿಸಿದ ನೀರಿನ ಗೋಪುರಗಳ ಕೆಲಸವೂ ಇದೇ.

ಹಂಚಿಕೆಯೂ ಆ ತೊಟ್ಟಿಯಲ್ಲೇ ನಡೆಯುತ್ತಿತ್ತು. ರಂಧ್ರದಿಂದ ಹೊರಬೀಳುವ ನೀರಿನ ಪ್ರಮಾಣ ಅದರ ಗಾತ್ರವನ್ನೂ ಅದರ ಮೇಲೆ ನಿಂತ ನೀರಿನ ಎತ್ತರವನ್ನೂ ಅವಲಂಬಿಸುತ್ತದೆ. ಎತ್ತರವನ್ನು ಸ್ಥಿರವಾಗಿಟ್ಟರೆ ರಂಧ್ರವೇ ಅಳತೆಗೋಲಾಗುತ್ತದೆ. 'ಲ್ಯೂಲೆ' ಎಂಬ ಮಾನಕ ನಳಿಗೆಯ ವ್ಯಾಸ ಸುಮಾರು 26 ಮಿಲಿಮೀಟರ್. ಅದರ ಹರಿವು ನಿಮಿಷಕ್ಕೆ ಸುಮಾರು 36 ಲೀಟರ್, ಅಂದರೆ ದಿನಕ್ಕೆ 52 ಘನಮೀಟರ್‌ನಷ್ಟು. ಅದರ ಎಂಟನೇ ಒಂದು ಪಾಲಿಗೆ 'ಮಸುರಾ' ಎಂಬ ಹೆಸರು. ಮೀಟರ್ ಪೆಟ್ಟಿಗೆಯಾಗಲಿ ಗಡಿಯಾರವಾಗಲಿ ಇಲ್ಲದೆ, ಮಸೀದಿಗೆ ಇಷ್ಟು, ಸ್ನಾನಗೃಹಕ್ಕೆ ಇಷ್ಟು, ಬೀದಿಯ ನಲ್ಲಿಗೆ ಇಷ್ಟು ಎಂದು ನೀರನ್ನು ಪಾಲು ಮಾಡಲು ಇಷ್ಟೇ ಸಾಕಾಗಿತ್ತು.

19ನೇ ಶತಮಾನದ ಕೊನೆಯ ಹೊತ್ತಿಗೆ ಟೆರ್ಕೋಸ್ ಸರೋವರದ ನೀರನ್ನು ಯಂತ್ರಗಳಿಂದ ಎತ್ತಿ, ಒತ್ತಡ ತಾಳುವ ಕಬ್ಬಿಣದ ಕೊಳವೆಗಳಲ್ಲಿ ಮನೆಗಳಿಗೆ ಹರಿಸತೊಡಗಿದರು. ಗೋಪುರಗಳ ಅಗತ್ಯ ತಪ್ಪಿತು. ಒಂದು ಗೋಪುರ ಇಂದಿಗೂ ಹಯಾ ಸೋಫಿಯಾದ ಬಳಿ, ಬೈಜಾಂಟಿಯನ್ನರ ದೂರಮಾಪನದ ಆರಂಭಬಿಂದುವಾದ 'ಮಿಲಿಯನ್' ಎಂಬ ಕಲ್ಲಿನ ಪಕ್ಕದಲ್ಲಿದೆ. ಅಹ್ಮದನ ಕಟ್ಟಡದಿಂದ ಅಲ್ಲಿಗೆ ನಡೆದೇ ಹೋಗಬಹುದು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಆ ಏರ್ಪಾಡು ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ.